ಗ್ಲೋವ್ ಬಿಚ್ಚಿದಾಗ

ಏಪ್ರಿಲ್ 19, 1986. ಮಧ್ಯಾಹ್ನ 12.40

ಬೇಸ್‌ಬಾಲ್ ಮೈದಾನದ ಮೇಲಿನ ಕಾಮೆಂಟರಿ ಕೋಣೆ. ನೀರು, ಎರಡು ಪೆನ್ಸಿಲ್, ಸ್ಕೋರ್ ಹಾಳೆ. ಮೇಜಿನ ಕೆಳಗೆ ಎಡಗೈಯಲ್ಲಿ ಹಳೆಯ ಚೆಂಡು — ಅದಿಲ್ಲದೆ ಮಾತು ಹೊರಡುವುದಿಲ್ಲ. ಇಪ್ಪತ್ತು ವರ್ಷದಿಂದ ರೇಡಿಯೋದಲ್ಲಿರುವ ವರ್ನ್ ಪಕ್ಕದಲ್ಲಿ.

"ಕಾಲು ಅಲ್ಲಾಡಿಸ್ಬೇಡ ಮಾರಾಯ. ನಿನ್ನ ಕುರ್ಚಿ ಕಿರುಗುಟ್ಟೋದು ಇಡೀ ರಾಜ್ಯಕ್ಕೆ ಕೇಳ್ಸುತ್ತೆ."

ರೇಡಿಯೋ ಸ್ಟೇಷನ್ನಿನ ಮ್ಯಾನೇಜರ್ ಹೇಳಿದ್ದು: ಪಿಚರ್ ಆಗಿ ಚೆಂಡು ಎಸೆದವನಿಗೆ ಮಾತ್ರ ಕಾಣುವುದನ್ನು ಹೇಳಿ, ಇಲ್ಲದಿದ್ದರೆ ನೀವು ಯಾಕೆ?

ಮೇ 3

ಇವತ್ತು ನಮ್ಮ ತಂಡಕ್ಕೆ ಲೋನಿ ಎಸೆದ. ಮೂವತ್ತಾರು ಅವನಿಗೆ. ನನ್ನ ಭುಜ ಕೆಟ್ಟು ಆಟ ನಿಂತ ವರ್ಷ ನನ್ನ ಚೀಲ ಹೊತ್ತ ಗೆಳೆಯ.

ಒಂದು ವಿಷಯ ಕಂಡೆ. ಕರ್ವ್, ಅಂದರೆ ಬಾಗಿ ಬೀಳುವ ಚೆಂಡು, ಎಸೆಯುವ ಮುಂಚೆ ಅವನ ಕೈಯ ಗ್ಲೋವ್ ಸ್ವಲ್ಪ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ನೇರ ಚೆಂಡಿಗೆ ಇಲ್ಲ. ನಮ್ಮ ಕೋಚ್ ಕೂರುವ ಜಾಗಕ್ಕೆ ಅದು ಮರೆ. ಹಿಡಿಯುವ ಕ್ಯಾಚರ್‌ಗೆ ಬರುವ ಚೆಂಡು ಮೊದಲೇ ಗೊತ್ತು, ಸುಳಿವು ಹುಡುಕುವುದಿಲ್ಲ. ಮೇಲಿಂದ, ನನಗೆ, ಸ್ಪಷ್ಟ. ಎದುರಾಳಿಗಳಿಗೆ ತಿಳಿಯುವ ಮೊದಲು, ಸೋಮವಾರ ಅವನಿಗೆ ಹೇಳಬೇಕು.

ಮೇ 8

ಸೋಮವಾರ ಹೇಳಲಿಲ್ಲ.

ಇವತ್ತು ಮತ್ತೆ ಲೋನಿ ಎಸೆಯುತ್ತಿದ್ದ, ಆರನೇ ಇನಿಂಗ್ಸ್. "ಈಗ ಏನು ಬರುತ್ತೆ ಡೆಲ್?" ಎಂದ ವರ್ನ್ ಮೈಕಿನಲ್ಲೇ, ಸುಮ್ಮನೆ. ಕರ್ವ್ ಎಂದೆ. ಬಂತು. ಮತ್ತೆ ಹೇಳಿದೆ, ಮತ್ತೆ ಬಂತು. ಮೂರನೇ ಸಲ ವರ್ನ್ ನಕ್ಕ: "ಜ್ಯೋತಿಷ್ಯ ಯಾವಾಗ ಕಲಿತೆಯಪ್ಪಾ?"

"ಅವನ ಗ್ಲೋವ್ ನೋಡು," ಎಂದುಬಿಟ್ಟೆ.

ಎದುರಾಳಿಗಳ ಕೋಣೆಯಲ್ಲಿ ಯಾವಾಗಲೂ ರೇಡಿಯೋದಲ್ಲಿ ನಮ್ಮದೇ ಕಾಮೆಂಟರಿ ಕೇಳುತ್ತಿರುತ್ತದೆ. ನಾನು ಆಡುವಾಗ ನಮ್ಮ ಕೋಣೆಯಲ್ಲೂ ಇತ್ತು. ಗೊತ್ತಿದ್ದ ವಿಷಯ… ಏಳನೇ ಇನಿಂಗ್ಸಿನಲ್ಲಿ ಲೋನಿ ಐದು ರನ್ ಕೊಟ್ಟ.

ಮೇ 9

ಮ್ಯಾನೇಜರ್ ಖುಷಿ. ಕೇಳುಗರ ಫೋನುಗಳಂತೆ. ಪ್ರತಿ ಪಂದ್ಯದಲ್ಲೂ ಹೀಗೆ ಮೊದಲೇ ಹೇಳಿ ಎಂದರು.

ಲೋನಿಯ ಫೋನೂ ಬಂತು. "ಮೇಲಿಂದ ನೋಡ್ತಿದ್ಯಲ್ಲ. ಏನಾಯ್ತೋ ನಂಗೆ?"

"ತೋಳು ದಣಿದ ಹಾಗಿತ್ತು," ಎಂದೆ.

ಮೇ 14

ನಿನ್ನೆಯೂ ಸೋತ. ಗ್ಲೋವಿನ ಸುದ್ದಿ ಬೇರೆ ತಂಡಗಳಿಗೂ ಹಬ್ಬಿದೆ. ಭಾನುವಾರ ಅವನಿಗೆ ಕೊನೆಯ ಅವಕಾಶ, ಸೋತರೆ ತಂಡ ಬಿಟ್ಟು ಮನೆಗೆ. ಅವನಿಗೆ ಹೇಳಿ ಬರೋಣವೆಂದು ಬೆಳಿಗ್ಗೆಯಿಂದ ಮೂರು ಸಲ ಕಾರು ಹೊರಗೆ ತೆಗೆದೆ, ಮೂರು ಸಲ ಒಳಗಿಟ್ಟೆ.

ಮೇ 17

ಲೋನಿಗೆ ಹೇಳಿದೆ. ಎಲ್ಲ. ಮೈದಾನದ ಬದಿ, ಅವನು ಶೂ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಯಾವತ್ತಿಂದ ಗೊತ್ತು?"

"ಮೂರನೇ ತಾರೀಖಿಂದ."

"ಎರಡು ವಾರ. ನನ್ನೊಬ್ಬನ್ನ ಬಿಟ್ಟು ಊರಿಗೆಲ್ಲ ಹೇಳಿದ್ಯಲ್ಲೋ." ಲೇಸ್ ಬಿಗಿದ. "ನಾಳೆಯೂ ಗ್ಲೋವ್ ಬಿಚ್ತೀನಿ. ನಿಜವಾದ ಕರ್ವಿಗೇ. ಒಂದೆರಡು ಹೊಡೆಸ್ಕೊಂಡ್ರೂ ಪರವಾಗಿಲ್ಲ. ಕೊನೇಲಿ ಒಂದು ಸಲ ಸುಳ್ಳಿಗೆ ಬಿಚ್ಚಿ ನೇರ ಚೆಂಡು ಎಸೀತೀನಿ. ಆಗ ಟೋಪಿ ಮುಟ್ಕೋತೀನಿ. ನೀನು ಕರ್ವ್ ಅನ್ಬೇಕು."

"ಕೇಳುವವರಿಗೆ ಸುಳ್ಳು ಹೇಳ್ಲಾ?"

"ನಂಗೆ ಹೇಳಿದ್ಯಲ್ಲ, ತೋಳು ದಣಿದಿದೆ ಅಂತ."

ಮೇ 19. ಬೆಳಿಗ್ಗೆ 9.40

ನಿನ್ನೆ ಒಂಬತ್ತನೇ ಇನಿಂಗ್ಸ್. ನಮ್ಮವರು ಒಂದು ರನ್ ಮುಂದೆ. ಮೂರೂ ಬೇಸ್‌ಗಳಲ್ಲಿ ಓಡಲು ಕಾದ ಎದುರಾಳಿಗಳು, ಇಬ್ಬರು ಔಟ್, ಬ್ಯಾಟು ಇನ್ನೊಂದು ಸಲ ತಪ್ಪಿದರೆ, ಇನ್ನೊಂದು ಸ್ಟ್ರೈಕ್ ಆದರೆ, ಗೆದ್ದಂತೆ. ಲೋನಿ ಟೋಪಿ ಮುಟ್ಟಿದ. ಗ್ಲೋವ್ ಬಿಚ್ಚಿತು.

"ಈಗೇನು ಡೆಲ್?"

"ಕರ್ವ್."

ನೇರ ಚೆಂಡು. ಬ್ಯಾಟು ಬರಿ ಗಾಳಿಯಲ್ಲಿ ಬೀಸಿತು. ಮುಗಿಯಿತು.

"ಹೋಯ್ತು ನಿನ್ನ ಜ್ಯೋತಿಷ್ಯ," ಎಂದ ವರ್ನ್.

ಅಲ್ಲಿಗೇ ಬಿಡಬಹುದಿತ್ತು. "ತಪ್ಪಲಿಲ್ಲ ವರ್ನ್. ಗೊತ್ತಿದ್ದೇ ಸುಳ್ಳು ಹೇಳಿದೆ," ಎಂದೆ. ಎಂಟನೇ ತಾರೀಖು ಗೆಳೆಯನಿಗೆ ಮಾಡಿದ್ದನ್ನೂ ಮೈಕಿನಲ್ಲೇ ಹೇಳಿದೆ. ವರ್ನ್ ಜಾಹೀರಾತು ಹಾಕಲು ಕೈಸನ್ನೆ ಮಾಡಿದ.

ಲೋನಿ ತಂಡದಲ್ಲಿ ಉಳಿದ. ನನಗೆ ಫೋನ್ ಮಾಡಿಲ್ಲ.

ಹತ್ತಕ್ಕೆ ಮ್ಯಾನೇಜರ್ ಫೋನ್ ಮಾಡುತ್ತಾರಂತೆ. ಚೆಂಡು ಕಪಾಟಿನಲ್ಲಿಟ್ಟೆ. ಕಾಲು ನೋಡಿಕೊಂಡೆ — ಅಲ್ಲಾಡುತ್ತಿಲ್ಲ.

ಫೋನ್. ಇನ್ನೂ ಹತ್ತಾಗಿಲ್ಲ. ಲೋನಿಯೇ ಇದ್ದರೆ ಮೊದಲು ಕ್ಷಮೆ ಕೇಳಬೇಕು, ಆಮೇಲೆ…