ಮೂರು ದಿನಕ್ಕೊಂದು

ಅತ್ತೆಯವರಿಗೆ ನಮಸ್ಕಾರ.

ಮಾವ ಕಣ್ಣುಬಿಟ್ಟರು. ಬಿಟ್ಟವರೇ ಕಾಫಿ ತಣ್ಣಗಿದೆ ಎಂದು ರೇಗಿದರು. ಇನ್ನು ಭಯವಿಲ್ಲ, ಸೊಸೆಯಾಗಿ ಅಲ್ಲ, ನರ್ಸಾಗಿ ಹೇಳುತ್ತಿದ್ದೇನೆ.

ನಿನ್ನೆ ನೀವು, “ಪಾಪ, ನೋವಿಲ್ದೆ ಮಲಗಿದಾರೆ, ಎಬ್ಬಿಸ್ಬೇಡ” ಎಂದಿರಿ. ಆದರೆ ಕಣ್ಣಿನ ಪಾಪೆ ಎಳ್ಳುಕಾಳಿನಷ್ಟಾಗಿತ್ತು, ಉಸಿರು ನಿಮಿಷಕ್ಕೆ ಆರೇ ಆರು. ಬೆನ್ನಿನ ಮೇಲೆ ನೋವು ತಗ್ಗಿಸುವ ಮದ್ದಿನ ಪಟ್ಟಿ ಒಂದಿರಬೇಕಾದಲ್ಲಿ ಮೂರಿದ್ದವು. ಮೂರನ್ನೂ ಕಿತ್ತು, ಮಾವನನ್ನು ಇಲ್ಲಿ ಆಸ್ಪತ್ರೆಗೆ ಕರೆತಂದೆ. ಪಟ್ಟಿಗಳಿಂದ ಏರಿದ ಅಮಲು ಇಳಿಸುವ ಮದ್ದು ಇನ್ನೂ ಹನಿಹನಿಯಾಗಿ ಹೋಗುತ್ತಿದೆ.

ನೀವು ಊಟ ಬಿಟ್ಟು ಕೂತಿದ್ದೀರಂತೆ. ಮೊದಲು ಊಟ ಮಾಡಿ. ‘ಮೂರು ದಿನಕ್ಕೊಂದು’ ಎಂಬ ಚೀಟಿಯನ್ನು ನೀವು ‘ಮೂರು ದಿನ, ದಿನಕ್ಕೊಂದು’ ಎಂದು ಓದಿಕೊಂಡಿರಿ. ಹಳೆಯದನ್ನು ಕಿತ್ತು ಹೊಸದು ಅಂಟಿಸಿ ಎಂದು ಅದರಲ್ಲಿ ಬರೆದೇ ಇರಲಿಲ್ಲ. ಬರೆದವಳು ನಾನು.

ಚೀಟಿ ಹರಿಯದೆ ತನ್ನಿ, ಮಾವನಿಗೆ ತೋರಿಸೋಣ. ಬೈಸಿಕೊಳ್ಳುವ ಪಾಳಿ ನನ್ನದು.

ನಿಮ್ಮ ಸೊಸೆ