ಸಾವ್ಕಾರರ ಕಾರಿನ ಎಡಬಾಗಿಲು

ರಾಯಚೂರು, ಗಂಜ್ ಹಿಂದಿನ ಓಣಿ
೧೪ ಮಾರ್ಚ್ ೧೯೮೩, ಸೋಮವಾರ

ಪ್ರೀತಿಯ ತಮ್ಮ ತಾಯಣ್ಣನಿಗೆ ನಿನ್ನ ಅಕ್ಕ ಶೇಖಮ್ಮನ ಆಶೀರ್ವಾದ.

ಮೈ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಆದವಾನಿಯಲ್ಲಿ ಚಿಗವ್ವ ಹೊಟ್ಟೆ ತುಂಬ ಉಣ್ಣಲು ಹಾಕುತ್ತಾಳೆಯೇ? ನಿದ್ದೆ ಬರುತ್ತದೆಯೇ? ಬರುತ್ತಿದ್ದರೆ ನಿನ್ನ ಗುಂಡಿಗೆಗೆ ಕೈ ಮುಗಿಯಬೇಕು, ನಮಗಂತೂ ಇಲ್ಲಿ ಕಣ್ಣು ಹತ್ತುತ್ತಿಲ್ಲ. ಎರಡು ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಕನಕರಾಯ ಆಸ್ಪತ್ರೆಯಲ್ಲಿ ಸತ್ತ. ಪೊಲೀಸರು ನಿನ್ನನ್ನು ಹುಡುಕುವುದು ಬಿಟ್ಟರು, ಯಾಕೆಂದರೆ ನಿನ್ನ ಜಾಗದಲ್ಲಿ ಅಪ್ಪ ಲಾಕಪ್ಪಿನಲ್ಲಿ ಕೂತಿದ್ದಾನೆ. ಹೇಗೆ ಎಂದು ಬರೆಯುತ್ತೇನೆ, ಪೂರ್ತಿ ಓದು. ನಡುವೆ ಹರಿದು ಒಲೆಗೆ ಹಾಕಿದರೆ ನನ್ನ ಮೇಲಾಣೆ.

ಆ ದಿನ ನೀನು ಹಿತ್ತಲ ಗೋಡೆ ಹಾರಿ ಓಡಿದವನು. ಮಾಡಿದ್ದು ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ನಾನು ನೋಡಿದ್ದನ್ನು ಹೇಳುತ್ತೇನೆ. ಮದುವೆಯ ಮೆರವಣಿಗೆಗೆಂದು ಅಪ್ಪನ ಕೈಗೆ ರಿಪೇರಿಗೆ ಬಂದ ದೇವದುರ್ಗದ ಸಾವ್ಕಾರರ ಆ ಹಾಳು ಕಾರಿಗೆ ಮೇಲೆ ಟಪ್ಪೇ ಇಲ್ಲ, ಪೂರ್ತಿ ತೆರೆದದ್ದು. ಕಟ್ಟಿಗೆ ದಿಮ್ಮಿಯ ಮೇಲೆ ಎತ್ತಿಟ್ಟಾಗ ಬಾಗಿಲು ಬೆಣ್ಣೆಯಂತೆ ಕೂರುತ್ತಿತ್ತು, ಗಾಲಿಯ ಮೇಲೆ ಇಳಿಸಿದೊಡನೆ ಕಾರಿನ ನಡು ಬಗ್ಗಿ ಎಡಬಾಗಿಲು ಕಚ್ಚಿಕೊಳ್ಳುತ್ತಿತ್ತು. ಅದಕ್ಕೇ ಅಪ್ಪ ನನ್ನನ್ನು ಸೀಟಿನ ಮೇಲೆ ಕೂರಿಸಿದ. ಮೈಭಾರ ಬಿದ್ದಾಗಲೇ ಕೀಲು ಬಿಗಿಯಬೇಕು, ಬಾಗಿಲ ಸುತ್ತ ಸಂದಿಯಲ್ಲಿ ಬೀಡಿ ಸಲೀಸಾಗಿ ಹಾಯಬೇಕು, ಅದು ಅಪ್ಪನ ಲೆಕ್ಕ. “ಅಕ್ಕ ಕುಂತ್ರ ಕಾರಲ್ಲ, ಲಾರೀನೂ ಬಗ್ಗತದ” ಎಂದು ನೀನು ನಕ್ಕೆ, ನಾನೂ ನಕ್ಕೆ. ಅಷ್ಟರಲ್ಲಿ ಸಾವ್ಕಾರರ ಡ್ರೈವರ್ ಕನಕರಾಯ ಒಳಗೆ ಬಂದ. ಮದುಮಗ ಕೂರಬೇಕಾದ ಕೆಂಪು ಸೀಟಿನ ಮೇಲೆ ನಮ್ಮ ಕೇರಿಯ ಹೆಂಗಸು! “ಯಾರ ಸೀಟಿನ ಮ್ಯಾಲ ಯಾರು ಕುಂತಾರ? ಇಳಿಯಲೇ ಕೆಳಗ!” ಎಂದವನೇ ನನ್ನ ತುರುಬಿಗೆ ಕೈ ಹಾಕಿ ಬಾಗಿಲ ಮೇಲಿಂದಲೇ ಎಳೆದು ಕೆಡವಿದ. ಮೊಣಕೈ ಒಡೆಯಿತು, ಸೀರೆ ಹರಿಯಿತು. ಅಪ್ಪ “ಬಿಡ್ರೀ ಯಪ್ಪಾ, ಕೆಲಸಕ್ಕಂತ ನಾನೇ ಕುಂದ್ರಿಸೀನಿ” ಎಂದು ಕೈ ಮುಗಿದು ನಿಂತಿದ್ದ. ನೀನು ಸುತ್ತಿಗೆ ಎತ್ತಿದೆ.

ಮೊದಲನೆಯ ಏಟಿಗೆ ನಾನು ನಿನ್ನನ್ನು ಬೈಯುವುದಿಲ್ಲ ತಾಯಣ್ಣ. ಸುತ್ತಿಗೆ ಕೈಗೆ ಸಿಕ್ಕಿದ್ದರೆ ಆ ಏಟು ನಾನೇ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಭುಜಕ್ಕೆ ಬಿತ್ತು, ಅವನು ನನ್ನ ಕೂದಲು ಬಿಟ್ಟ, ನೆಲಕ್ಕೆ ಕುಸಿದ. ಅಲ್ಲಿಗೆ ಮುಗಿದಿತ್ತು. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು “ಬ್ಯಾಡೋ” ಎಂದ. ನೀನು ಆ ಕೈಯ ಮೇಲೇ ಹೊಡೆದೆ, ಕೈ ಸರಿದ ಮೇಲೆ ತಲೆಗೆ ಹೊಡೆದೆ. ನಾನು ನಿನ್ನ ಕಾಲಿಗೆ ಜೋತುಬಿದ್ದು ಕೂಗಿದರೂ ನಿನಗೆ ಕೇಳಲಿಲ್ಲ. ನೀನು ನನ್ನನ್ನು ಒದ್ದು ಬಿಡಿಸಿಕೊಂಡೆ. ಸೀಟಿನ ಮೇಲೆ, ಬಾಗಿಲ ಮೇಲೆ, ನನ್ನ ಕೆನ್ನೆಯ ಮೇಲೆ ರಕ್ತ. ಆಮೇಲೆ ಸುತ್ತಿಗೆ ಒಗೆದು ಓಡಿದೆ. ಅಪ್ಪ ಅವನನ್ನು ಹೊತ್ತುಕೊಂಡು ಬೀದಿಗೆ ಹೋಗಿ ಟಾಂಗಾ ನಿಲ್ಲಿಸಿದ.

ಸಂಜೆಗೆ ಮಾನ್ವಿಯಿಂದ ಅವನ ಅಣ್ಣತಮ್ಮಂದಿರು ಟ್ರ್ಯಾಕ್ಟರಿನಲ್ಲಿ ಬಂದರು, ಕೈಯಲ್ಲಿ ಕಬ್ಬಿಣದ ಸಲಾಕೆ. ವೆಲ್ಡಿಂಗ್ ಸಾಮಾನು ಒಡೆದರು, ತಗಡಿನ ಚಪ್ಪರ ಕಿತ್ತು ಕೆಡವಿದರು, ನನ್ನ ಒಲೆ ಒದ್ದರು. “ಮಗ ಎಲ್ಲಿ ಹೇಳಲೇ ಮುದುಕಾ” ಎಂದು ಅಪ್ಪನನ್ನು ಕಂಬಕ್ಕೆ ಒತ್ತಿ ಹಿಡಿದು ಬಡಿದರು. ಎರಡು ಹಲ್ಲು ಹೋದವು, ಎಡಗಡೆಯ ಪಕ್ಕೆಲುಬು ಮುರಿಯಿತು. ಬಿಡಿಸಲು ಹೋದ ನನ್ನ ಬೆನ್ನ ಮೇಲೂ ಬರೆ ಇದೆ. ಅಪ್ಪ ಬಾಯಿ ಬಿಡಲಿಲ್ಲ. ಕಾರಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ, ಅದು ಸಾವ್ಕಾರರದಲ್ಲವೇ! ನಮ್ಮ ಎಲುಬು ಮುರಿಯಬಹುದು, ಅವರ ಕಾರು ಮುಟ್ಟಬಾರದು. ಮರುದಿನ ಸಾವ್ಕಾರರ ಆಳು ಬಂದು ಹೇಳಿದ್ದೂ ಅದನ್ನೇ: ಮದುವೆಯೊಳಗೆ ಕಾರು ಬೇಕು. ಡ್ರೈವರ್ ಉಳಿಯುತ್ತಾನೋ ಇಲ್ಲವೋ ಎಂದು ಅವನೂ ಕೇಳಲಿಲ್ಲ. ನಾನು ಪೊರಕೆ ಹಿಡಿದು ಬಾಗಿಲಿಗೆ ಬಂದೆ, ಅಪ್ಪ ತಡೆದ.

ಅಪ್ಪನ ಹಟ ನಿನಗೆ ಗೊತ್ತೇ ಇದೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜೀವವಲ್ಲ. ಸೀಟು ನಾನು ಸೋಪು ಹಚ್ಚಿ ತಿಕ್ಕಿದೆ, ಹೊಲಿಗೆಯ ಸಂದಿನ ಕಲೆ ಹೋಗಲಿಲ್ಲ. ಎದೆಗೆ ಬಟ್ಟೆ ಬಿಗಿದುಕೊಂಡು ಅಪ್ಪ ನೆಲದ ಮೇಲೆ ಮಲಗಿ ಕೀಲಿನ ಬೋಲ್ಟು ಸಡಿಲಿಸಿದ. ಆಮೇಲೆ ನನ್ನ ಮುಖ ನೋಡಿ, “ಕುಂದ್ರವ್ವಾ. ಮೊದಲ ಎಲ್ಲಿ ಕುಂತಿದ್ದಿ ಅಲ್ಲೇ ಕುಂದ್ರು. ಯಾವನು ಬರತಾನ ನೋಡೋಣು” ಎಂದ. ಕೂತೆ. ಸಾವ್ಕಾರಿಣಿಯ ಹಾಗೆ ಕಾಲು ಚಾಚಿ ಕೂತೆ. ಕೀಲಿನ ಹಿಂದೆ ತಗಡಿನ ಚೂರು ಕೊಟ್ಟು ಬಿಗಿದ, ಸಾಲದೆ ತೆಗೆದ, ಮತ್ತೆ ಬಿಗಿದ. ಒಂದೊಂದು ಸಲ ಕೈ ಎತ್ತಿದಾಗಲೂ ನೋವಿಗೆ ಹಲ್ಲಿಲ್ಲದ ಬಾಯಿಂದ ಕೆಟ್ಟ ಬೈಗುಳ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಕೂತಿತು. ಎರಡು ಬೆರಳಿನಿಂದ ತಳ್ಳಿದರೆ ಸಾಕು, ಒಂದೇ ಸಪ್ಪಳ. ಅಪ್ಪನ ಮುಖದಲ್ಲಿ ನಗೆ ಕಂಡದ್ದು ಆಗಲೇ ಕೊನೆ.

ಮರುದಿನ ಬೆಳಿಗ್ಗೆ ಕನಕರಾಯ ಸತ್ತ ಸುದ್ದಿ ಬಂತು. ಅವನಿಗೂ ಎರಡು ಸಣ್ಣ ಮಕ್ಕಳಂತೆ. ಅಪ್ಪ ಸ್ನಾನ ಮಾಡಿದ, ತೊಳೆದ ಧೋತರ ಉಟ್ಟ, ಆ ಸುತ್ತಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಠಾಣೆಗೆ ನಡೆದ. “ಹೊಡದಾಂವ ನಾನು. ನನ್ನ ಮಗ ಹೆದರಿ ಓಡ್ಯಾನ, ಅಷ್ಟ” ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಾನೆ. ನಿನ್ನೆ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಮುರಿದು ತಿನ್ನಲು ಅವನ ಕೈ ಏಳುವುದಿಲ್ಲ, ಸರಳಿನ ಈಚೆಯಿಂದ ನಾನೇ ತುತ್ತು ಮಾಡಿ ತಿನ್ನಿಸಿದೆ. “ಹುಡುಗ ಇನ್ನೂ ಬಾಳಬೇಕಾದಾಂವ, ನೀನೂ ಹಂಗೇ ಹೇಳವ್ವಾ” ಎಂದು ನನ್ನ ಕೈ ಹಿಡಿದು ಅತ್ತ. ನಾನು ಸೆರಗಿನಿಂದ ಅವನ ಕಣ್ಣು ಒರೆಸಿ ಇನ್ನೊಂದು ತುತ್ತು ಬಾಯಿಗಿಟ್ಟೆ.

ಲಾರಿಯ ಮಹಮ್ಮದ್ ಹುಸೇನಣ್ಣ ಆದವಾನಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಚಿಗವ್ವನಿಗೆ ನನ್ನ ಶರಣು ಹೇಳು. ಎಳೆಬಿಸಿಲಿಗೆ ಕೂತು ಎದೆಗೆ ಎಣ್ಣೆ ಹಚ್ಚಿಕೋ, ಕೆಮ್ಮು ಇಳಿಯುತ್ತದೆ. ನಿನಗೆ ದೇವರು ಬುದ್ಧಿಯನ್ನೂ ಧೈರ್ಯವನ್ನೂ ಕೊಡಲಿ.

ನಿನ್ನ ಅಕ್ಕ,
ಶೇಖಮ್ಮ

ತಾ.ಕ.: ಲಾರಿ ಹಾರನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಕಣ್ಣಾರೆ ಕಂಡವಳೆಂದು ಗುರುವಾರ ನಾನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕು. ಹೊಡೆದವನೆಂದು ಅಪ್ಪನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಕನಕರಾಯ ನನ್ನ ಕೂದಲು ಹಿಡಿದು ಎಳೆದದ್ದನ್ನು ಹೇಳುತ್ತೇನೆ, ನೀನು ಹೊಡೆದದ್ದನ್ನು ಹೇಳುತ್ತೇನೆ, ಅವನು ಬಿದ್ದ ಮೇಲೂ ಹೊಡೆದದ್ದನ್ನೂ ಹೇಳುತ್ತೇನೆ. ಬುಧವಾರ ಸಂಜೆಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ನೀನು ಬಂದರೆ ಠಾಣೆಗೆ ಇಬ್ಬರೂ ಕೂಡಿಯೇ ಹೋಗೋಣ. ಬಾರದಿದ್ದರೆ ನಾನೊಬ್ಬಳೇ ಹೋಗಿ ನಿನ್ನನ್ನು ಹಿಡಿದುಕೊಡುತ್ತೇನೆ, ನನ್ನ ತಮ್ಮಾ.