ಮೊದಲ ತುತ್ತು

ದೊಡ್ಮನೆ, ಸಿದ್ದಾಪುರ ತಾಲೂಕು
೨೭ ಅಕ್ಟೋಬರ್ ೨೦೨೪

ಪ್ರೀತಿಯ ಪ್ರತಿಭಕ್ಕ,

ಇಡಗುಂದಿಯಲ್ಲಿ ನೀನು, ಭಾವ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ನೀನು ಫೋನು ಮಾಡಿದಾಗಲೆಲ್ಲ "ಆಮೇಲೆ ಮಾತಾಡ್ತೇನೆ" ಎಂದು ಇಟ್ಟುಬಿಟ್ಟೆ, ಸಿಟ್ಟಾಗಬೇಡ. ಇಲ್ಲಿ ಸಿಗ್ನಲ್ ಸಿಗುವುದು ಜಗಲಿಯ ತುದಿಯಲ್ಲಿ. ಅತ್ತೆಯ ಮಂಚ ಇರುವುದೂ ಅಲ್ಲೇ. ಅದಕ್ಕೇ ಈ ಕಾಗದ.

ಭೂಮಿ ಹುಣ್ಣಿಮೆಯ ಸುದ್ದಿ ನಿನಗೂ ಮುಟ್ಟಿರಬೇಕು. ನಮ್ಮ ತವರಿನಲ್ಲಿ ಈ ಹಬ್ಬ ಇಷ್ಟು ಜೋರಿಲ್ಲ. ಇಲ್ಲಿ ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ ಗದ್ದೆಗೆ ಒಯ್ಯುತ್ತಾರೆ. ಭೂಮಿ ಬಸುರಿ, ಅವಳಿಗೆ ಬಯಕೆ ಊಟ. ಅವಳು ಉಣ್ಣುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ನೋಡುವಂತೆಯೂ ಇಲ್ಲ.

ಆ ರಾತ್ರಿ ಬುಟ್ಟಿಗೆ ತುಂಬುವ ಮೊದಲು ಅನ್ನದ ಹಬೆ ಆರಲಿ ಎಂದೆ. "ಬೆಳಗಾಗ್ತದೆ, ಕಟ್ಟು" ಎಂದರು ಅತ್ತೆ. ಕಾಯಿ ಹಾಕಿ ಕಲಸಿದ ಬಿಸಿ ಅನ್ನವನ್ನು ಒತ್ತಿ ತುಂಬಿ, ಬಟ್ಟೆ ಕಟ್ಟಿದೆ. ಪೂಜೆ ಮುಗಿಯುವಾಗ ಬಿಸಿಲೇರಿತ್ತು. ಬಿಚ್ಚಿದರೆ ಹುಳಿ ವಾಸನೆ. ನಾನು ಬಗ್ಗಿದ್ದೇ ತಡ, "ಎಂತಕ್ಕೆ ಮೂಸ್ತೀಯೇ? ಭೂಮ್ತಾಯಿಗೆ ಎಂಜಲು ಬಡಿಸ್ತೀಯ?" ಎಂದರು ಅತ್ತೆ. ಹಾಗೇ ಬಡಿಸಿದೆ.

ಎಲ್ಲರೂ ಗದ್ದೆಯಲ್ಲೇ ಉಂಡೆವು. ನಮಗೆ ಹೊಟ್ಟೆ ತೊಳಸಿತು, ಅಷ್ಟೆ. ಹಿಂದಿನ ದಿನದಿಂದ ಉಪವಾಸವಿದ್ದ ಅತ್ತೆ, ಪ್ರಸಾದವೆಂದು ಬುಟ್ಟಿಯ ತಳದ ಅನ್ನವನ್ನೂ ಬಿಡಲಿಲ್ಲ. ಮನೆ ಸೇರಿ ಸ್ವಲ್ಪ ಹೊತ್ತಿಗೇ ವಾಂತಿ, ಹೊಟ್ಟೆ ಹಿಡಿತ, ಭೇದಿ. ಪಕ್ಕದ ಮನೆಯ ಗೌರಕ್ಕ ಓಡಿ ಬಂದು, "ನೀರು ಕೊಡಬೇಡ ಮಾರಾಯ್ತಿ, ಕುಡಿದದ್ದೆಲ್ಲ ಹೊರಗೇ ಹೋಗ್ತದೆ" ಎಂದಳು. ನಾನು ಕೇಳಲಿಲ್ಲ. ಓಆರ್‌ಎಸ್ ಪುಡಿ ಕಲಸಿ ಚಮಚದಲ್ಲಿ ಕೊಟ್ಟೆ; ಕಕ್ಕಿದರೆ ತುಸು ಬಿಟ್ಟು ಮತ್ತೆ ಕೊಟ್ಟೆ. ನಮ್ಮನೆಯವರು ಭೇದಿ ನಿಲ್ಲಿಸುವ ಮಾತ್ರೆ ತಂದರು. ಅದನ್ನು ಕೊಡಲು ನಾನು ಬಿಡಲಿಲ್ಲ. ಸಂಜೆಗೆ ಅತ್ತೆಯ ನಾಲಿಗೆ ಒಣಗಿತ್ತು, ಚಿವುಟಿದ ಚರ್ಮ ಹಾಗೇ ಎದ್ದು ನಿಂತಿತು, ಮೂತ್ರ ಹೋಗಿರಲಿಲ್ಲ. "ಹಬ್ಬದ ದಿನ ಆಸ್ಪತ್ರೆಯಾ?" ಎಂದು ಇವರು ಅನುಮಾನಿಸಿದರು. ಊರಲ್ಲಿ ಬಾಡಿಗೆಗೆ ಓಡಿಸುವ ವೀರಪ್ಪನ ಓಮ್ನಿಗೆ ನಾನೇ ಫೋನು ಮಾಡಿದೆ.

"ಬಿಸಿ ಅನ್ನ ಕಟ್ಟಿಟ್ಟದ್ದರಿಂದಲೇ ಇರಬೇಕು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು" ಎಂದರು ಸಿದ್ದಾಪುರದ ಡಾಕ್ಟರು.

ಅತ್ತೆ ಸಲೈನ್ ಬಾಟಲಿ ನೋಡುತ್ತಲೇ ಹೇಳಿದರು: "ಕಟ್ಟಿದ್ದು ಯಾರು, ಕೇಳಿ ಅವಳನ್ನ."

ಈಗ ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದಾರೆ. ಅದೊಂದು ಸಮಾಧಾನ. ದೀಪಾವಳಿಗೆ ಬರುತ್ತೇನೆ ಎಂದಿದ್ದೆ, ಆಗುವುದಿಲ್ಲ. ಈಗ ಹೊರಟರೆ ತಪ್ಪು ಮಾಡಿ ಓಡಿದಳು ಅನ್ನುತ್ತಾರೆ. ಇದ್ದರೆ, ಒಲೆಯ ಹತ್ತಿರ ಯಾರಾದರೊಬ್ಬರು ನಿಂತೇ ಇರುತ್ತಾರೆ. ಕೈ ತೊಳೆದೆಯಾ, ಪಾತ್ರೆ ತೊಳೆದೆಯಾ. ಅವ್ವನಿಗೆ ಇದೆಲ್ಲ ಹೇಳಬೇಡ, ಕೊಯ್ಲಿನ ಕೆಲಸ ಇದೆಯಂತೆ ಅನ್ನು.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿ ಉಂಡು ಬೆಳೆಯಲಿ.

ನಿನ್ನ ತಂಗಿ,
ತನುಜಾ

ತಾ.ಕ.: ಉಪ್ಪು ನೋಡಲೂ ಬಿಡದಿದ್ದ ಅತ್ತೆ ಈಗ ಬಡಿಸಿದ ಕೂಡಲೇ "ಮೊದಲು ನೀ ತಿನ್ನು" ಅನ್ನುತ್ತಾರೆ. ಎಲ್ಲರೆದುರು ನಿಂತು ಒಂದು ತುತ್ತು ತಿನ್ನುತ್ತೇನೆ. ಅವರದು ಹೋಗಲಿ ಅಕ್ಕ, ಸತ್ತು ಬದುಕಿದವರು. ನಿನ್ನೆ ನೋಡಿದೆ, ನಮ್ಮನೆಯವರೂ ಅನ್ನ ಕಲಸಿಟ್ಟುಕೊಂಡು, ನನ್ನ ತುತ್ತು ಗಂಟಲಲ್ಲಿ ಇಳಿಯುವವರೆಗೂ ಬಾಯಿಗೆ ಕೈ ಎತ್ತಲಿಲ್ಲ.